ಮೂರು ಪೆಟ್ಟು

ನಾಟಕ ಮಂಡಳಿಯ ಅಣ್ಣು ಕೆಂಪು ಬಟ್ಟೆ ಸುತ್ತಿದ ಗಿಡ್ಡ ಕೋಲನ್ನು ಹೆಣದ ಪಕ್ಕಕ್ಕಿಟ್ಟು ಚಟ್ಟದ ಹಗ್ಗ ಬಿಗಿಯುತ್ತಿದ್ದ. ಕಾಶವ್ವ ಬಗ್ಗಿ ಕೋಲನ್ನು ಮೆಲ್ಲನೆ ಎಳೆದುಕೊಂಡಳು.

"ಎಂತ ಮಾಡ್ತೀರಿ ಕಾಶಕ್ಕ? ಲೂಕಣ್ಣನ ಕೋಲದು. ಅವರೊಟ್ಟಿಗೇ ಹೋಗ್ಲಿ."

"ಅದಕ್ಕ ಇನ್ನೊಂದು ಕೆಲಸ ಐತಿ. ನಾನೂ ಬರ್ತೀನಿ."

"ಸ್ಮಶಾನಕ್ಕಾ? ಹೆಂಗಸರು ಬರುದುಂಟಾ ಮಾರಾಯ್ತಿ!"

ಕಾಶವ್ವ ಕೋಲನ್ನು ಸೆರಗಿನೊಳಗೆ ಇಟ್ಟುಕೊಂಡಳು. ಫ್ರಾನ್ಸಿನಲ್ಲಿದ್ದ ಲೂಕನ ತಂಗಿ ಫೋನಿನಲ್ಲಿ ಅತ್ತು, ನಿಮ್ಮವರಿಗೆ ಮಾಡುವ ಹಾಗೆಯೇ ಮಾಡಿ ಎಂದಿದ್ದಳು. ಮುಂಬಯಿಯ ಆಂಟಾಪ್ ಹಿಲ್‌ನ ಕಾಲೊನಿಯಿಂದ ಚಟ್ಟ ಎದ್ದಿತು.

*

ಯಕ್ಷಗಾನ ನೋಡಲು ಉಡುಪಿಗೆ ಬಂದಿದ್ದ ಲೂಕ ಫ್ರಾನ್ಸಿಗೆ ಮರಳುವಾಗ ಮುಂಬಯಿಯಲ್ಲಿ ಇಳಿದವನು ಇಲ್ಲೇ ಉಳಿದುಬಿಟ್ಟ. ಫ್ರೆಂಚ್ ಪಾಠ ಹೇಳಿ ಹೊಟ್ಟೆ ಹೊರೆದ. ರಜೆಯ ದಿನ ಹೋಟೆಲಿನ ಹುಡುಗರನ್ನು ಕೂಡಿಸಿ ಕನ್ನಡ ನಾಟಕ ಆಡಿಸಿದ. ಧಾರವಾಡದ ಕಡೆಯ ಕಾಶವ್ವ ವೇಷದ ಬಟ್ಟೆ ಹೊಲಿಯಲು ಬಂದವಳು, ಮಾತು ಮರೆತವರಿಗೆ ಪಕ್ಕದ ಪರದೆಯ ಮರೆಯಿಂದ ಪಿಸುಗುಟ್ಟುವವಳೂ ಆದಳು. ಲೂಕನ ಕನ್ನಡ ಎಡವುತ್ತಿತ್ತು. ಹಾಗಾಗಿ ತನಗೆ ಯಾವಾಗಲೂ ಮಾತಿಲ್ಲದ ಮುದುಕನ ಪಾತ್ರವನ್ನೇ ಇಟ್ಟುಕೊಳ್ಳುತ್ತಿದ್ದ.

ಪರದೆ ಏಳುವ ಮುಂಚೆ ಅಂಥ ಗಿಡ್ಡ ಕೋಲಿನಿಂದ ರಂಗದ ಹಲಗೆಗೆ ಮೂರು ಸಲ ಕುಟ್ಟುವುದು ಅವನ ದೇಶದ ಪದ್ಧತಿ. ಮೊದಲ ನಾಟಕದ ದಿನ ಅವನು ಕುಟ್ಟಿದಾಗ ಮುಂದಿನ ಸಾಲಿನವನೊಬ್ಬ ಎದ್ದು ಹೋಗಿ ಸಭಾಂಗಣದ ಬಾಗಿಲು ತೆಗೆದು, "ಇಲ್ಲಿ ಯಾರೂ ಇಲ್ಲ ಮಾರಾಯ್ರೆ!" ಎಂದು ಕೂಗಿದ್ದ. ಲೂಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ನಮ್ಮ ಕಡೆ ಗಂಟಿ ಬಾರಸ್ತಾರ್ರೀ ಸಾಹೇಬ್ರ," ಎಂದಿದ್ದಳು ಕಾಶವ್ವ.

"ಗಂಟೆ, ಜನರಿಗೆ. ಇದು ನಮಗೆ."

ಒಂದು ಮಳೆಗಾಲ ಅವನು ಜ್ವರದಲ್ಲಿ ನಡುಗುತ್ತ ಬಂದ. "ಇವತ್ತ ನಾ ಹೊಡೀತೀನಿ, ನೀವು ಕುಂದರ್ರಿ" ಎಂದು ಅವಳು ಕೈ ಚಾಚಿದಳು. ಅವನು ಕೋಲು ಕೊಡಲಿಲ್ಲ.

"ನಾನು ಇಲ್ಲದ ದಿನ, ನೀನು ಹೊಡಿ. ನೀನೇ."

*

ಸಯನ್ ಸ್ಮಶಾನದ ಗೇಟಿನಲ್ಲಿ ಕಾಲೊನಿಯ ಸೆಕ್ರೆಟರಿ ಅನಿಲಕುಮಾರ ಅಡ್ಡ ನಿಂತ.

"ಹೆಂಗಸರು ಇಲ್ಲೇ ನಿಲ್ಲಬೇಕು ಬಾಯಿ. ಅಲ್ಲ, ನೀವು ಅವರಿಗೆ ಏನಾಗಬೇಕು?"

ಕಾಲೊನಿಯ ಜನ ಇಷ್ಟು ವರ್ಷ ಅವಳ ಬೆನ್ನ ಹಿಂದೆ ಕೇಳಿದ್ದೂ ಇದನ್ನೇ.

"ಅಂಗಿ ಹೊಲಿಯಾಕಿ," ಎಂದಳು. ಆಮೇಲೆ ಅಣ್ಣುವಿನ ಕಡೆ ತಿರುಗಿ ಕೋಲನ್ನು ಹೊರತೆಗೆದಳು. "ನಾನು ಇಲ್ಲದ ದಿನ ನೀ ಹೊಡಿ ಅಂದಿದ್ರು ಅಣ್ಣಾ. ಇವತ್ತ ಬಿಟ್ರ ನನಗ ಯಾವ ದಿನ ಐತಿ?"

ಅಣ್ಣು ಕೋಲನ್ನು ನೋಡಿದ, ಅವಳನ್ನು ನೋಡಿದ. ಮುಖ ಒರೆಸಿಕೊಂಡ.

"ಬಿಡಿ ಸೆಕ್ರೆಟ್ರಿಯವರೇ. ಇವರು ನಮ್ಮ ಮಂಡಳಿಯವರು. ಇವರಿಲ್ಲದೆ ನಮ್ಮ ಆಟ ಸುರು ಆದದ್ದೇ ಇಲ್ಲ."

ಒಳಗೆ ಕರೆಂಟಿನ ಒಲೆಯ ಮುಂದೆ ಚಟ್ಟ ಇಳಿಸಿದರು. ಚಪ್ಪಲಿ ಸರಿದಾಡುತ್ತಿದ್ದವು, ಯಾರದೋ ಮೊಬೈಲು ಹಾಡುತ್ತಿತ್ತು. ಕಾಶವ್ವ ಎರಡೂ ಕೈಯಲ್ಲಿ ಕೋಲು ಹಿಡಿದಳು. ಹುಡುಗಿಯಾಗಿದ್ದಾಗ ಕಣದಲ್ಲಿ ಜೋಳದ ತೆನೆ ಬಡಿದ ಕೈ ಅದು. ಆದರೂ ಮೊದಲ ಪೆಟ್ಟು ಕಲ್ಲಿನ ನೆಲಕ್ಕೆ ಬಿದ್ದದ್ದು ಅವಳಿಗೇ ಕೇಳಲಿಲ್ಲ. ಎರಡನೆಯದಕ್ಕೆ ನಾಲ್ಕು ಜನ ತಿರುಗಿದರು.

ಮೂರನೆಯದಕ್ಕೆ ಎಲ್ಲ ಸದ್ದೂ ನಿಂತಿತು. ಅಣ್ಣು ಅಂಗಿಯ ಗುಂಡಿ ಹಾಕಿಕೊಂಡ. ನಾಟಕಗಳಿಗೆ ಬೆಳಕು ಬಿಡುತ್ತಿದ್ದ ಸುಕೇಶನ ಕೈ ತಾನಾಗಿ ಎದ್ದು, ಹಿಂದಿನ ಬೋಳು ಗೋಡೆಯ ಮೇಲೆ ಸ್ವಿಚ್ಚನ್ನು ತಡಕಾಡತೊಡಗಿತು.