ಉಸಿರು ನೋಡಿಕೊಳ್ಳುವವರು

"ನಾನೇ ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡ್ತೀನಿ. ನಾಲ್ಕೂ ಹಲ್ಲು ಒಂದೇ ಸಲ ಕಿತ್ತರಾಯ್ತು" ಎಂದರು ರಾಜಾಜಿನಗರದ ಹಲ್ಲಿನ ಡಾಕ್ಟರು ಜಗನ್ನಾಥ.

ಅನಂತಲಕ್ಷ್ಮಿ ತಂಗಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಪಂಕಜಾಳಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಬುದ್ಧಿ ಮಾತ್ರ ಐದರಲ್ಲೇ ನಿಂತಿತ್ತು. ಬಾಯಿಯ ಹತ್ತಿರ ಯಾರೇ ಕೈ ತಂದರೂ ಕಚ್ಚುತ್ತಿದ್ದಳು. ಎರಡು ತಿಂಗಳಿಂದ ಗಂಜಿ ಬಿಟ್ಟು ಬೇರೇನೂ ಅವಳ ಗಂಟಲಲ್ಲಿ ಇಳಿದಿರಲಿಲ್ಲ.

"ನೀವು ಹಲ್ಲು ಕೀಳ್ತಾ ಇರೋವಾಗ ಇವಳ ಉಸಿರು ಯಾರು ನೋಡ್ಕೋತಾರೆ ಡಾಕ್ಟ್ರೇ?" ತಾನು ಪಾಠ ಹೇಳುವ ನಾಲ್ಕನೆಯ ಕ್ಲಾಸಿನ ಮಕ್ಕಳನ್ನು ಕೇಳುವ ದನಿಯಲ್ಲೇ ಅನಂತಲಕ್ಷ್ಮಿ ಕೇಳಿದಳು.

ಜಗನ್ನಾಥ ಕನ್ನಡಕ ತೆಗೆದು ಒರೆಸಿಕೊಂಡರು. "ಸರಿಯಾಗಿ ಕೇಳಿದ್ರಿ. ಅದನ್ನ ನಾನು ಕಲ್ತಿಲ್ಲ. ಅರಿವಳಿಕೇನೇ ಓದಿರೋರು ಬೇಕು. ಹುಡುಕಿ ಮೇಡಂ, ಅಲ್ಲೀವರೆಗೂ ನಾನು ಇಕ್ಕಳ ಮುಟ್ಟಲ್ಲ."

ಮೂರು ವಾರ ಶಾಲೆ ಬಿಟ್ಟೊಡನೆ ಬಿಟಿಎಸ್ ಬಸ್ಸು ಹತ್ತಿ ಅನಂತಲಕ್ಷ್ಮಿ ಆಸ್ಪತ್ರೆಗಳನ್ನು ಸುತ್ತಿದಳು. ಹಲ್ಲು ಕೀಳುವುದಕ್ಕೂ ಅರಿವಳಿಕೆ ಡಾಕ್ಟರೇ ಎಂದು ಕೆಲವರು ನಕ್ಕರು. ಕೊನೆಗೆ ದಾರಿ ತೋರಿದವಳು ಅವಳ ವಿದ್ಯಾರ್ಥಿನಿಯೊಬ್ಬಳ ತಾಯಿ, ಆಪರೇಷನ್ ಕೋಣೆಯಲ್ಲಿ ಆಯಾ ಆಗಿದ್ದ ಯಶೋದಮ್ಮ.

"ಮತ್ತಿನ ಮದ್ದು ಕೊಡೋ ನಮ್ ಅಲಮೇಲು ಡಾಕ್ಟ್ರನ್ನ ಕೇಳಿ ಮಿಸ್ಸು. ಪೇಷಂಟು ಎಚ್ಚರ ಆಗೋಗಂಟ ಪಕ್ಕ ಬುಟ್ಟು ಕದಲಾಕಿಲ್ಲ ಆವಮ್ಮ."

ಅಲಮೇಲು ಭಾನುವಾರ ತಾವೇ ವಿಜಯನಗರದ ಮನೆಗೆ ಬಂದರು. ಹೊಸಿಲು ದಾಟುವಷ್ಟರಲ್ಲಿ ಪಂಕಜಾ ಅವರ ಸ್ಟೆತಾಸ್ಕೋಪು ಕಿತ್ತುಕೊಂಡಳು. ಅಲಮೇಲು ಬೈಯಲಿಲ್ಲ, ಅದರ ತುದಿಗಳನ್ನು ಅವಳ ಕಿವಿಗಿಟ್ಟು, ಬಿಲ್ಲೆಯನ್ನು ಅವಳೆದೆಗೇ ಒತ್ತಿದರು. ಪಂಕಜಾಳ ಕಣ್ಣು ಅಗಲವಾಯಿತು. "ಅಕ್ಕಾ, ಒಳಗೆ ಯಾರೋ ಬಾಗ್ಲು ತಟ್ತಾ ಇದಾರೆ!" ಎಂದು ಊದಿದ ಕೆನ್ನೆ ಹಿಡಿದುಕೊಂಡೇ ನಕ್ಕಳು.

ಅನಂತಲಕ್ಷ್ಮಿ ತನ್ನ ಪ್ರಶ್ನೆಯನ್ನು ಇವರಿಗೂ ಕೇಳಿದಳು.

"ಜಗನ್ನಾಥ್ ಅವರು ಹಲ್ಲು ನೋಡ್ಕೋತಾರೆ, ನಾನು ಉಸಿರು ನೋಡ್ಕೋತೀನಿ. ಬೇರೆ ಏನೂ ನೋಡಲ್ಲ" ಎಂದರು ಅಲಮೇಲು. "ಕ್ಲಿನಿಕ್ಕಲ್ಲಿ ಬೇಡ, ಆಕ್ಸಿಜನ್ ಇರೋ ನರ್ಸಿಂಗ್ ಹೋಮಲ್ಲೇ ಮಾಡೋಣ. ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಕೊಡಬೇಡಿ."

ಹಲ್ಲು ಕೀಳುವ ದಿನ ಅನಂತಲಕ್ಷ್ಮಿಯೂ ಕಾಫಿ ಮುಟ್ಟಲಿಲ್ಲ. ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಕೂತು, ಮುಚ್ಚಿದ ಬಾಗಿಲನ್ನೇ ನೋಡುತ್ತ ತಾನೂ ಲೆಕ್ಕವಿಟ್ಟು ಉಸಿರಾಡಿದಳು. ಮುಕ್ಕಾಲು ಗಂಟೆಯ ಮೇಲೆ ಜಗನ್ನಾಥ ಹೊರಗೆ ಬಂದು, "ನಾಲ್ಕೂ ಬಂತು ಮೇಡಂ!" ಎಂದರು. ಅವರ ಹಿಂದೆ ಅಲಮೇಲು ಕಾಣಲಿಲ್ಲ. ಅನಂತಲಕ್ಷ್ಮಿ ಒಳಗೆ ಇಣುಕಿದಳು. ಅವರು ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು ಪಂಕಜಾಳ ಎದೆಯ ಏರಿಳಿತವನ್ನೇ ನೋಡುತ್ತಿದ್ದರು. ಪಂಕಜಾ ಕಣ್ಣು ಬಿಟ್ಟು, "ಅಕ್ಕಾ, ಹಸಿವು" ಎನ್ನುವವರೆಗೂ ಅವರು ಏಳಲಿಲ್ಲ.

ಮೂರು ವಾರ ಕಳೆದವು. ಒಂದು ಸಂಜೆ ಅನಂತಲಕ್ಷ್ಮಿ ಜಗುಲಿಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದಾಗ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಉರುಳಿತು. ಆಮೇಲೆ ಕೋಡುಬಳೆ ಕಡಿಯುವ ಸದ್ದು: ಒಂದು, ಮತ್ತೊಂದು, ಬಿಡುವಿಲ್ಲದೆ. ಅವಳು ಕೆಂಪು ಪೆನ್ನನ್ನು ಪೇಪರಿನ ಮೇಲಿಟ್ಟು, ಗೋಡೆಗೊರಗಿ ಕಣ್ಣು ಮುಚ್ಚಿದಳು.