ಅಲುಗಬಾರದ ತಟ್ಟೆಗಳು

ಪ್ರೊಫೆಸರ್ ಇಲ್ಯಾಸ್ ಬೆಹಾರ್ದೀನ್ ಬರಿಗೈಯಲ್ಲಿ ನಡೆಯುವಾಗಲೂ ಕೈಯಲ್ಲಿ ಅಂಚಿನವರೆಗೆ ತುಂಬಿದ ಪಾತ್ರೆಯಿದೆಯೇನೋ ಎಂಬಂತೆ ನಡೆಯುತ್ತಾರೆ. ಮೊಣಕೈಗಳು ಪಕ್ಕೆಗೆ ಅಂಟಿರುತ್ತವೆ, ಹೆಗಲು ಮಿಸುಕುವುದಿಲ್ಲ, ಪಾದಗಳು ನೆಲದ ಅಪ್ಪಣೆ ಕೇಳಿಕೊಂಡೇ ಮುಂದೆ ಸರಿಯುತ್ತವೆ. ಕೇಪ್‌ಟೌನಿನ ನಮ್ಮ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಅವರ ಹಿಂದೆ ಸಿಕ್ಕಿಕೊಂಡವರು ಸ್ಟ್ರೆಚರ್ ತಳ್ಳುವವರಾಗಲಿ, ಹೆಸರಾಂತ ಶಸ್ತ್ರವೈದ್ಯರಾಗಲಿ, ಹಲ್ಲು ಕಚ್ಚಿಕೊಂಡು ಅವರ ವೇಗಕ್ಕೆ ಇಳಿಯಲೇಬೇಕು. ನನ್ನ ಯೌವನದ ಒಳ್ಳೆಯ ಭಾಗವನ್ನು ನಾನು ಆ ಬೆನ್ನು ನೋಡುತ್ತ ಕಳೆದಿದ್ದೇನೆ. ಆ ಬೆನ್ನಿನ ಮೇಲೆ ಎಲ್ಲ ವಿಜ್ಞಾನಿಗಳಿಗಿರುವ ಬಿಳಿ ಕೋಟು ಇರುತ್ತಿರಲಿಲ್ಲ. ದರ್ಜಿಯಾಗಿದ್ದ ತಂದೆ ಹೊಲಿದುಕೊಟ್ಟ, ಕಿರಾಣಿ ಅಂಗಡಿಯವರು ತೊಡುವಂಥ ಕಂದು ಕೋಟು ಇರುತ್ತಿತ್ತು. ಅದರ ಜೇಬಿನಲ್ಲಿ ಭಾನುವಾರದ ಕೂಸಿಸ್ಟರ್, ಎಂದರೆ ಪಾಕದಲ್ಲಿ ಅದ್ದಿ ಕೊಬ್ಬರಿ ಉದುರಿಸಿದ ಆ ಕರಿದ ತಿಂಡಿ, ಕಾಗದದಲ್ಲಿ ಸುತ್ತಿಕೊಂಡು ಬುಧವಾರದವರೆಗೂ ಬದುಕಿರುತ್ತಿತ್ತು. ಜೀವಕೋಶಗಳನ್ನು ಬೆಳೆಸುವ ಕೋಣೆಗೆ ಹೋಗುವಾಗ ಮಾತ್ರ ಕೋಟನ್ನು ಹೊರಗಿನ ಗೂಟಕ್ಕೆ ತೂಗುಹಾಕಿ, ಎಲ್ಲರಂತೆ ಶುದ್ಧ ಗೌನು ತೊಡುತ್ತಿದ್ದರು.

ಯಾರನ್ನೇ ಕಂಡರೂ ಅವರ ಮೊದಲ ಪ್ರಶ್ನೆ ಒಂದೇ. ನಾನು ಕೆಲಸ ಕೇಳಿಕೊಂಡು ಹೋದ ದಿನ ನನ್ನ ಪದವಿಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ.

"ಗದೀಜಾ ಅಂತೀಯ. ಯಾರ ಮಗಳು?"

ಸಾಲ್ಟ್ ರಿವರ್ ಬಡಾವಣೆಯ ಬೇಕರಿಯವರ ಮೊಮ್ಮಗಳೆಂದೆ. ಅಜ್ಜನ ಹೆಸರು, ಅಜ್ಜಿಯ ತವರು, ಸೋದರಮಾವಂದಿರೆಲ್ಲ ವಿಚಾರಣೆಗೆ ಬಂದರು. ಕೊನೆಗೆ "ಇರಬಹುದು, ಇರಬಹುದು" ಎಂದರು. ಒಂದು ಸಲ ಅಂದರೆ ಅನುಮಾನ, ಎರಡು ಸಲ ಅಂದರೆ ಪೂರ್ತಿ ಅಪನಂಬಿಕೆ ಎಂಬುದು ನನಗೆ ಆಮೇಲೆ ತಿಳಿಯಿತು. ನನ್ನ ಅಜ್ಜನ ವಿಷಯದಲ್ಲಿ ಅವರಿಗೆ ಇನ್ನೂ ಪೂರ್ತಿ ಖಾತ್ರಿಯಾದಂತಿಲ್ಲ.

ಇದೇ ಪ್ರಶ್ನೆಯನ್ನು ಅವರು ಜೀವಕೋಶಗಳಿಗೂ ಕೇಳುತ್ತಿದ್ದರು, ಮತ್ತು ನಮ್ಮೆಲ್ಲರ ಆಯುಷ್ಯ ಸವೆದದ್ದು ಅಲ್ಲಿಯೇ. ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುವಾಗ ತೆಗೆದುಹಾಕಲೇಬೇಕಾದ ಮಿದುಳಿನ ಚೂರನ್ನು, ರೋಗಿಯ ಒಪ್ಪಿಗೆ ಪಡೆದು, ಮೇಲಿನ ಮಹಡಿಯಿಂದ ನಮ್ಮ ಶಸ್ತ್ರವೈದ್ಯೆ ಝೋಲೇಕಾ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದರು. ಅದರಿಂದ ಬಿಡಿಸಿದ ಕೋಶಗಳನ್ನು ಸಣ್ಣ ತಟ್ಟೆಗಳಲ್ಲಿನ ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ತೇಲಬಿಟ್ಟರೆ, ಕೆಲವು ಒಂಟಿ ಕೋಶಗಳು ತಾವೇ ಒಡೆದು ಒಡೆದು, ಸಾಸಿವೆಗಿಂತಲೂ ಸಣ್ಣ ಉಂಡೆಗಳಾಗುತ್ತವೆ. ಅಂಥ ಒಂದೇ ಕೋಶದ ಸಂತಾನದಲ್ಲಿ ನರಕೋಶವೂ, ಅದಕ್ಕೆ ಆಸರೆಯಾಗುವ ನಕ್ಷತ್ರದಾಕಾರದ ಕೋಶವೂ, ನರತಂತುವಿಗೆ ಹೊದಿಕೆ ಹೊದಿಸುವ ಕೋಶವೂ ಕಂಡರೆ, ಅದು ಕಾಂಡಕೋಶ, ಎಂದರೆ ಸ್ಟೆಮ್ ಸೆಲ್. ವಯಸ್ಸಾದ ಮಿದುಳಿನಲ್ಲೂ ಹೊಸ ಚಿಗುರಿಗೆ ಬೇರಿದೆ ಎಂದು ಅರ್ಥ. ಆಗ ಪಾರ್ಕಿನ್ಸನ್ ಕಾಯಿಲೆಯಿಂದ ಕೈಕಾಲು ನಡುಗುವವರ ಮಿದುಳಿಗೆ ಅದನ್ನು ಸೇರಿಸಿ ನೋಡುವ ಧೈರ್ಯ ಮಾಡಬಹುದು.

ತೊಂದರೆಯೇನೆಂದರೆ, ತಟ್ಟೆ ಕೊಂಚ ಅಲುಗಿದರೂ ತೇಲುವ ಉಂಡೆಗಳು ಒಂದನ್ನೊಂದು ತಾಕಿ, ಅಂಟಿ, ಒಂದೇ ಆಗಿಬಿಡುತ್ತವೆ. ಆಮೇಲೆ ಹತ್ತು ಮನೆಯ ಮಕ್ಕಳು ಸೇರಿದ ಗುಂಪನ್ನು ಒಂದೇ ತಾಯಿಯ ಸಂತಾನವೆಂದು ನಾವು ಕೊಂಡಾಡುತ್ತ ಕೂರುತ್ತೇವೆ. ಹಾಗಾಗಿ ಕೋಣೆಯಲ್ಲಿ ಹಿಮ್ಮಡಿ ಎತ್ತರದ ಚಪ್ಪಲಿಗೆ ನಿಷೇಧ, ಜೋರು ನಗೆಗೆ ನಿಷೇಧ, ಬಾಗಿಲು ಬಡಿದವರಿಗೆ ಒಂದು ವಾರ ಮಾತಿಲ್ಲ. ಸರ್ಕಾರದ ದೊಡ್ಡ ಅಧಿಕಾರಿಯೊಬ್ಬರು ನೋಡಲು ಬಂದಾಗ ಬೂಟು ಬಿಚ್ಚಿಸಿದರು. ಆ ಮಹನೀಯರು ಹೆಬ್ಬೆರಳು ಹೊರಗಿಣುಕುವ ಕಾಲುಚೀಲದಲ್ಲಿ ನಿಂತು ವಿಜ್ಞಾನದ ಮಹತ್ವದ ಬಗ್ಗೆ ಎರಡು ಮಾತಾಡಿ ಹೊರಟುಹೋದರು, ಮತ್ತೆ ಬರಲಿಲ್ಲ. ಇನ್ನು ತಟ್ಟೆಗಳನ್ನು ಮೇಜಿನಿಂದ ಇನ್‌ಕ್ಯುಬೇಟರಿಗೆ ಒಯ್ಯುವ ಅಧಿಕಾರವಂತೂ ಅವರೊಬ್ಬರದೇ. ನಾವೆಲ್ಲ ಒಡೆದುಹಾಕುವ ಜಾತಿಯವರು ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಇಷ್ಟೆಲ್ಲ ಕಟ್ಟುಪಾಡುಗಳಲ್ಲಿ ವರ್ಷಗಳು ಕಳೆದ ಮೇಲೆ, ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಫಲ ಬಂತು. ಉಂಡೆಗಳು ಮೂರೂ ಬಗೆಯ ಕೋಶಗಳನ್ನು ಕೊಡತೊಡಗಿದವು, ಅದೂ ಧಾರಾಳವಾಗಿ. ಮೊದಲ ರೋಗಿಗಳ ಮೇಲೆ ಪ್ರಯೋಗ ಮಾಡಲು ಆಸ್ಪತ್ರೆಯ ನೀತಿ ಸಮಿತಿಯ ಒಪ್ಪಿಗೆ ಇನ್ನೇನು ಕೈಗೆ ಬರಬೇಕು. ಝೋಲೇಕಾ ಕೆಳಗಿಳಿದು ಬಂದು ನನ್ನನ್ನು ತಬ್ಬಿಕೊಂಡರು. ಪ್ರೊಫೆಸರ್ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಇರಬಹುದು, ಇರಬಹುದು" ಎಂದರು.

"ಇನ್ನೇನ್ ಬೇಕು ಪ್ರೊಫ್ ನಿಮ್ಗೆ?" ಝೋಲೇಕಾ ಸೊಂಟದ ಮೇಲೆ ಕೈಯಿಟ್ಟರು. "ಬಣ್ಣ ಹಾಕಿ ನೋಡಿದ್ವಿ, ಎಲ್ಲಾ ಗುರುತೂ ಇದೆ. ಆ ಕೋಶ ಐಡಿ ಕಾರ್ಡ್ ಹಿಡ್ಕೊಂಡ್ ಬಂದು ನಿಮ್ಗೆ ಸಲಾಂ ಹೊಡೀಬೇಕಾ?"

"ಕಾರ್ಡ್ ತಂದ್ರೂ ನಾನ್ ನಂಬಲ್ಲ. ನಮ್ಮಪ್ಪ, ಚಿಕ್ಕಪ್ಪ ಒಂದೇ ಹೊಟ್ಟೇಲಿ ಹುಟ್ಟಿದೋರು. ಆಗಿನ ವರ್ಣಭೇದದ ಸರ್ಕಾರದ ಆಫೀಸರು ಕೂದಲು ನೋಡಿ, ಮೈಬಣ್ಣ ನೋಡಿ, ಒಬ್ಬನ್ನ ಒಂದು ಕುಲ ಅಂತ ಬರ್ದ, ಇನ್ನೊಬ್ಬನ್ನ ಇನ್ನೊಂದು. ಚಿಕ್ಕಪ್ಪ ಸಾಯೋವರ್ಗೂ ನಮ್ಮ ಬೀದೀಲಿ ಮನೆ ಮಾಡೋ ಹಾಗಿರ್ಲಿಲ್ಲ. ಮೇಲ್ಮೇಲೆ ನೋಡಿ ಹೆಸರಿಡೋ ಕೆಲ್ಸ ನಮ್ಮೂರಲ್ಲಿ ಒಂದ್ಸಲ ಆಗಿದೆ ತಾಯಿ, ಸಾಕು."

ಝೋಲೇಕಾ ಸೊಂಟದಿಂದ ಕೈ ಇಳಿಸಿ ಮೇಲಿನ ಮಹಡಿಗೆ ಹತ್ತಿಹೋದರು. ನಾನು ಒಳಗೊಳಗೇ ಕುದಿಯುತ್ತಿದ್ದೆ.

ಅವರು ಹೂಡಿದ ಪರೀಕ್ಷೆ ಸರಳವಾಗಿತ್ತು. ಒಬ್ಬ ಗಂಡಸಿನ ಕೋಶಗಳನ್ನೂ ಒಬ್ಬ ಹೆಂಗಸಿನ ಕೋಶಗಳನ್ನೂ ಒಂದೇ ತಟ್ಟೆಯಲ್ಲಿ ವಿರಳವಾಗಿ ಹರಡುವುದು. ಉಂಡೆ ಒಂದೇ ಕೋಶದಿಂದ ಬೆಳೆದಿದ್ದರೆ ಪೂರ್ತಿ ಗಂಡಿನದಾಗಿರಬೇಕು, ಇಲ್ಲವೇ ಪೂರ್ತಿ ಹೆಣ್ಣಿನದು. ನೋಡಿದರೆ ಎಲ್ಲ ಕಲಬೆರಕೆ. ಮೂರೂ ಬಗೆಯ ಕೋಶಗಳನ್ನು ಕೊಟ್ಟು ನಮ್ಮನ್ನು ಕುಣಿಸಿದ್ದು ಈ ಕಲಬೆರಕೆಯ ಉಂಡೆಗಳೇ.

ನಾವೆಲ್ಲ ಒಕ್ಕೊರಲಿನಿಂದ ಗಾಳಿಯನ್ನು ಬೈದೆವು. ನಮ್ಮೂರಿನ ಆಗ್ನೇಯ ಗಾಳಿ ಬೇಸಿಗೆಯಲ್ಲಿ ಬೆಟ್ಟದ ಮೇಲಿಂದ ಇಳಿದರೆ ಕಿಟಕಿಗಳು ಹಲ್ಲು ಕಡಿಯುತ್ತವೆ, ಕಟ್ಟಡವೇ ಗುಂಯ್‌ಗುಡುತ್ತದೆ. ಪ್ರೊಫೆಸರ್ ಸ್ಪಂಜು ತುಂಬಿ ಕಿಟಕಿಗಳ ಬಾಯಿ ಮುಚ್ಚಿಸಿದರು, ಇನ್‌ಕ್ಯುಬೇಟರಿನ ಕಾಲಡಿ ರಬ್ಬರು ಹಾಸಿದರು. ನಾವು ಬೇಯುತ್ತ ಕೆಲಸ ಮಾಡಿದೆವು. ಗಾಳಿಯೇ ಬೀಸದ ವಾರ ಬಂತು. ಆಗಲೂ ಕಲಬೆರಕೆ.

ಒಂದು ಬೆಳಿಗ್ಗೆ ಅವರು ತಟ್ಟೆಗಳ ಮುಂದೆ ಬಹಳ ಹೊತ್ತು ನಿಂತಿದ್ದು, ಹಿಂದೆಂದೂ ಆಡದ ಮಾತನ್ನು ಆಡಿದರು.

"ಗದೀಜಾ, ಅರ್ಧ ನೀನ್ ಒಯ್ಯಿ."

ಉಂಡೆಗಳು ಬೆಳೆದ ಮೇಲೆ ನೋಡಿದರೆ, ನಾನೊಯ್ದ ತಟ್ಟೆಗಳಲ್ಲಿ ಅವು ಶುದ್ಧವಾಗಿದ್ದವು, ಗಂಡಿನದು ಗಂಡಿನದಾಗಿ, ಹೆಣ್ಣಿನದು ಹೆಣ್ಣಿನದಾಗಿ. ಆದರೆ ಅವು ಕೊಟ್ಟದ್ದು ಬರೀ ನಕ್ಷತ್ರದ ಕೋಶಗಳನ್ನು. ಅವರು ಒಯ್ದ ತಟ್ಟೆಗಳಲ್ಲಿ ಮೂರೂ ಬಗೆಯ ಕೋಶಗಳಿದ್ದವು, ಮತ್ತು ಒಂದು ಉಂಡೆಯೂ ಶುದ್ಧವಾಗಿರಲಿಲ್ಲ. ಪ್ರೊಫೆಸರ್ ಅದನ್ನು ನೋಡಿ ಮುಗಿಸಿ, ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು, ಅದೂ ಪರೀಕ್ಷೆಗೆ ಬಂದ ಮಾದರಿಯೆಂಬಂತೆ ಬಾಗಿ ನೋಡತೊಡಗಿದರು. ಹೆಬ್ಬೆರಳು ತೋರುಬೆರಳ ಮೇಲೆ ಮಾತ್ರೆ ಉರುಳಿಸುವಂತೆ ತನ್ನಷ್ಟಕ್ಕೆ ಆಡುತ್ತಿತ್ತು. ಪಾರ್ಕಿನ್ಸನ್ ಕಾಯಿಲೆಯವರ ಅಂಥ ಕೈಗಳನ್ನು ದಿನವೂ ನೋಡುವ ಝೋಲೇಕಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಯಾವಾಗಿಂದ ಪ್ರೊಫ್?"

"ಗಾಳಿ ಅಂದ್ಕೊಂಡಿದ್ದೆ," ಎಂದರು ಪ್ರೊಫೆಸರ್.

ಸಮಿತಿಗೆ ತಾವೇ ಫೋನು ಮಾಡಿ, ಇದು ಕಾಂಡಕೋಶವಲ್ಲ, ನನ್ನ ಕೈನಡುಕ, ಎಂದು ಹೇಳಿ ಎಲ್ಲವನ್ನೂ ಹಿಂತೆಗೆದುಕೊಂಡರು. ನನ್ನ ದುಡಿಮೆಯೆಲ್ಲ ಒಂದು ಫೋನಿನಲ್ಲಿ ಮಣ್ಣಾಯಿತು. ಕಾರಿನಲ್ಲಿ ಕೂತು ಅತ್ತೆ, ದುಃಖಕ್ಕಲ್ಲ, ಕೋಪಕ್ಕೆ. ಇನ್ನೊಬ್ಬರು ತಪ್ಪು ಹುಡುಕಲಿ ಎಂದು ಕಾಯಬಹುದಿತ್ತಲ್ಲ! ಝೋಲೇಕಾ ಪ್ರೊಫೆಸರರ ಮುಖದ ಮೇಲೆಯೇ ಕೂಗಾಡಿದರು.

"ಹಟಮಾರಿ ಮುದುಕ! ಈ ಔಷಧಿ ಯಾರಿಗೆ ಬೇಕಾಗಿತ್ತು? ನಿಮ್ಗೇ! ನಿಮ್ ಕೈಯಾರೆ ನೀವೇ ಬಾಗಿಲು ಹಾಕ್ಕೊಂಡ್ರಲ್ರೀ!"

"ನನ್ ತಲೆ ಒಳಗೇ ಬಂದು ಸಂಸಾರ ಹೂಡೋರು," ಎಂದು ಅವರು ಕೂಸಿಸ್ಟರ್ ಮುರಿಯುತ್ತ ಹೇಳಿದರು, "ಯಾರ ಮಕ್ಕಳು ಅಂತ ಕೇಳೋದೂ ಬೇಡ್ವಾ ನಾನು?" ಕೊಬ್ಬರಿಯೆಲ್ಲ ನೆಲಕ್ಕೆ ಉದುರಿತು.

ಈಗ ತಟ್ಟೆಗಳನ್ನು ಒಯ್ಯುವವಳು ನಾನು. ಅವರು ಕಂದು ಕೋಟು ತೊಟ್ಟು ಬಾಗಿಲಾಚೆ ಸ್ಟೂಲಿನ ಮೇಲೆ, ಬಲಗೈಯನ್ನು ತೊಡೆಯಡಿ ಅದುಮಿಕೊಂಡು ಕೂತಿರುತ್ತಾರೆ. ಗಾಜಿನೊಳಗಿಂದ ನನ್ನ ಪಾದಗಳನ್ನೇ ನೋಡುತ್ತಾರೆ. ಒಳಗೆ ಕೇಳಿಸದಿದ್ದರೂ "ಮೆಲ್ಲಗೆ" ಎನ್ನುತ್ತಿದ್ದಾರೆಂದು ತುಟಿಗಳಿಂದ ತಿಳಿಯುತ್ತದೆ, ಮೈಯೆಲ್ಲ ಉರಿಯುತ್ತದೆ. ಮೊನ್ನೆ ಕಾರಿಡಾರಿನಲ್ಲಿ ಸ್ಟ್ರೆಚರ್ ತಳ್ಳುವವನೊಬ್ಬ ಹಿಂದಿನಿಂದ, "ಅಕ್ಕಾ, ಸ್ವಲ್ಪ ಬೇಗ ಹೋಗಿ, ಕೈಯಲ್ಲೇನೂ ಇಲ್ವಲ್ಲ," ಎಂದ.

ತಮಗೆ ಅತ್ಯಂತ ಬೇಕಾದದ್ದನ್ನೇ ಅತ್ಯಂತ ಕಡಿಮೆ ನಂಬುವ ಮನುಷ್ಯರ ಕುಲವೊಂದಿದೆ. ಅವರೊಡನೆ ದುಡಿಯುವುದು ಶಿಕ್ಷೆ, ಅವರನ್ನು ಪ್ರೀತಿಸುವುದು ಅದಕ್ಕಿಂತ ದೊಡ್ಡ ಶಿಕ್ಷೆ. ಅವರು ಕಾದ ಔಷಧಿ ಅವರ ಕಾಲಕ್ಕೆ ಬರುವುದಿಲ್ಲ. ಎಂದಾದರೊಂದು ದಿನ ಅದು ನಮ್ಮ ಕಾಲಕ್ಕೆ ಬಂದರೆ, ಆಗ ಅದು ಔಷಧಿಯೇ ಆಗಿರುತ್ತದೆ.