ಗುರುವಾರ ಮಾತ್ರ ಫೋನು

ಕತ್ತರಿಯಕ್ಕನ ಕೆಲಸ ಹೋಯಿತೆಂದು ಒಳಗೊಳಗೇ ಖುಷಿಪಟ್ಟ ಪ್ರಾಣಿ ಈ ಲೋಕದಲ್ಲಿ ಒಂದೇ ಒಂದು, ಅದು ಅವಳ ಗಂಡ. ಕೆಟ್ಟವನೇನಲ್ಲ ಪಾಪ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುತ್ತಲೇ ಕೂದಲು ನರೆಸಿಕೊಂಡವನು. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ, ಇಷ್ಟು ಹೊತ್ತಿಗೆ ಹೊರಡು ಎಂದು ಹೇಳುವುದಕ್ಕೆ ಅವನ ಪಾಲಿಗೆ ಒಂದು ಸೈಕಲ್ಲೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ, ಅವಳು ಪ್ರಾಯವೆಲ್ಲ ಬಟ್ಟೆ ಕತ್ತರಿಸಿ ಸವೆಸಿದ್ದ ಗಾರ್ಮೆಂಟ್ಸು ಬಾಗಿಲು ಮುಚ್ಚಿತು. ಅವಳು ತನ್ನ ದೊಡ್ಡ ಕತ್ತರಿಯನ್ನು ಚಿಂದಿಯಲ್ಲಿ ಸುತ್ತಿಕೊಂಡು ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಅವನು ಬೆನ್ನು ಸವರಿದ, ಕುಡಿಯಲು ನೀರು ಕೊಟ್ಟ, ಆಮೇಲೆ ಅಂಗಡಿಗೆ ಹೋಗಿ ಗೋಡೆಯಗಲದ ಡ್ರಾಯಿಂಗ್ ಹಾಳೆ ತಂದ.

"ಕೆಲಸ ಹುಡುಕೋದೂ ಒಂದು ಕೆಲಸಾನೇ ಕಣೇ. ಪ್ಲಾನ್ ಇಲ್ದೆ ಹೊರಟ್ರೆ ಖಾಲಿ ಬಸ್ ಓಡಿಸಿದ ಹಾಗೆ," ಎಂದ.

ಅವಳಿಗೂ ಮೊದಲು ಹೌದೆನ್ನಿಸಿತು. ಎಲ್ಲಿಂದ ಶುರು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ; ಇವನಾದರೂ ಗೊತ್ತಿದ್ದವನಂತೆ ಮಾತಾಡುತ್ತಿದ್ದ. ಆದರೆ ಹಾಳೆ ಗೋಡೆಗೇರಿತೋ ಇಲ್ಲವೋ, ಮನೆಯೇ ಡಿಪೋ ಆಗಿಹೋಯಿತು. ಸೋಮವಾರ ಯಾವ ಯಾವ ಕಡೆ ಕೆಲಸವಿದೆಯೆಂದು ವಿಚಾರಿಸುವುದು, ಮಂಗಳವಾರ ಬಯೋಡೇಟಾ ತಿದ್ದುವುದು, ಗುರುವಾರ ಬೆಳಿಗ್ಗೆ ಫೋನು. ಶುಕ್ರವಾರ ಹಾಕಿಕೊಂಡು ಹೋಗುವ ಬಟ್ಟೆಗೆ ಇಸ್ತ್ರಿಯಾಗಬೇಕಾದದ್ದು ಬುಧವಾರ. ಮಿಕ್ಕ ದಿನ ಗಮನ ಕೆಡಬಾರದೆಂದು ಅವಳ ಫೋನು ಅವನ ಮೇಜಿನ ಡ್ರಾಯರಿನಲ್ಲಿರುತ್ತಿತ್ತು. ಕತ್ತರಿಗೆ ಎಣ್ಣೆ ಹಾಕುವುದಕ್ಕೂ ಹಾಳೆಯಲ್ಲಿ ಒಂದು ಹಸಿರು ಚೌಕ ಇತ್ತು.

ಬಯೋಡೇಟಾದ ಕಥೆ ಹೇಳದಿರುವುದೇ ಮೇಲು. ಪ್ರತಿ ಮಂಗಳವಾರ ಅದು ಒಂದು ಸುತ್ತು ದಪ್ಪಗಾಗುತ್ತಿತ್ತು. ಸಂಸ್ಥೆಯ ಏಳಿಗೆ, ಸಮಯಪ್ರಜ್ಞೆ, ಹೊಣೆಗಾರಿಕೆ ಎಂದು ಅವಳು ಬಾಯಲ್ಲಿ ಎಂದೂ ಆಡದ ಮಾತುಗಳೆಲ್ಲ ಅದರಲ್ಲಿ ಬಂದು ಕೂತಿದ್ದವು. ಕೊನೆಗೆ ಅವಳು ಕೇಳಿದಳು, "ನಾನು ಬಟ್ಟೆ ಕತ್ತರಿಸ್ತೀನಿ ಅಂತ ಎಲ್ಲಿ ಬರೆದಿದ್ದೀರಿ?"

"ಎರಡನೇ ಪುಟದಲ್ಲಿ ಬರುತ್ತೆ," ಎಂದ ಅವನು, ತಲೆಯೆತ್ತದೆ.

ಊಟಕ್ಕೇನೂ ತೊಂದರೆಯಿರಲಿಲ್ಲ, ಅವನ ಪಿಂಚಣಿ ಬರುತ್ತಿತ್ತು. ಅವಳನ್ನು ತಿನ್ನುತ್ತಿದ್ದ ಚಿಂತೆಯೇ ಬೇರೆ. ಈ ವಯಸ್ಸಿನಲ್ಲಿ ತನ್ನ ಕೈ ಇನ್ನು ಯಾರಿಗೂ ಬೇಡವೇನೋ ಎಂಬ ಭಯ ಅವಳಿಗಿತ್ತು. ಬಟ್ಟೆಯ ಪದರಗಳ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಉಸಿರು ಹಿಡಿದು ಕತ್ತರಿ ಆಡಿಸುವ ಆ ಕ್ಷಣ ಇಲ್ಲದೆ ಅವಳ ದಿನಗಳು ಸಪ್ಪೆಯಾಗಿದ್ದವು. ಕಿಟಕಿಯ ಪರದೆ ಕಂಡರೂ ಇದರಲ್ಲಿ ಎಷ್ಟು ಅಂಗಿಯಾದೀತು ಎಂದು ಕಣ್ಣು ಅಳೆಯುತ್ತಿತ್ತು.

ಹೀಗಿರುವಾಗ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳ ತಂಗಿ ಒಂದು ಸುದ್ದಿ ತಂದಳು. ತಮ್ಮ ಆಸ್ಪತ್ರೆಗೆ ಸಮವಸ್ತ್ರ ಹೊಲಿದುಕೊಡುವವರ ಬಳಿ ಕಟಿಂಗ್ ಮಾಸ್ಟರ್ ಬಿಟ್ಟುಹೋಗಿದ್ದಾರೆ, ಯಜಮಾನಿಗೆ ನಿನ್ನ ನಂಬರು ಕೊಟ್ಟಿದ್ದೇನೆ, ನಾಳೆಯೇ ಹೋಗು ಅಕ್ಕ ಎಂದಳು. ಭಾವ ಬಿಡಬೇಕಲ್ಲ. ನೇರ ಭೇಟಿಯಿರುವುದು ಶುಕ್ರವಾರ, ಅದಕ್ಕೂ ಮೊದಲು ಗುರುವಾರ ಫೋನು ಮಾಡಬೇಕು, ಒಂದು ಸ್ಟಾಪು ಬಿಟ್ಟರೆ ಇಡೀ ರೂಟೇ ಕೆಡುತ್ತದೆ ಎಂದು ಅವನು ವಿವರಿಸಿದ. ತಂಗಿ ಅಕ್ಕನ ಮುಖ ನೋಡಿದಳು. ಮನೆಯಲ್ಲಿ ರಂಪ ಬೇಡವೆಂದು ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ, ಅದೇ ತಪ್ಪಾಯಿತು.

ಮಂಗಳವಾರ ಸಂಜೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಅವನು ಹೆಮ್ಮೆಯಿಂದ ಬಂದು ನಿಂತ. ಯಜಮಾನಿಯೇ ಬೆಳಿಗ್ಗೆ ಫೋನು ಮಾಡಿದ್ದರಂತೆ. ಇದು ಬಯೋಡೇಟಾ ಹೊತ್ತು, ಗುರುವಾರ ಹನ್ನೊಂದರ ಮೇಲೆ ಮಾಡಿ ಎಂದು ಇವನು ಹೇಳಿದನಂತೆ. ತುರ್ತಿದೆ ಎಂದರಂತೆ. ತುರ್ತಿದೆಯೆಂದು ಬಸ್ಸನ್ನು ಹೊತ್ತಿಗೆ ಮುಂಚೆ ಬಿಡಲಾಗುವುದಿಲ್ಲ ಎಂದನಂತೆ. "ಸ್ವಲ್ಪ ಬಿಗಿಯಾಗಿದ್ರೇನೇ ಬೆಲೆ," ಎಂದು ಮುಗಿಸಿದ.

ಅವಳಿಗೆ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ತಟ್ಟೆಯನ್ನು ನೀರಿಗೆ ಬಿಟ್ಟು, ಕೈಯನ್ನೂ ಒರೆಸಿಕೊಳ್ಳದೆ, ಹೋಗಿ ಮಲಗಿಬಿಟ್ಟಳು.

ಮರುದಿನ ಇಸ್ತ್ರಿಯ ವಾರ. ಅವಳು ಇಸ್ತ್ರಿಯಿಲ್ಲದ ಬಟ್ಟೆಯಲ್ಲೇ ಹೊರಟಳು. ಸಮವಸ್ತ್ರದವರ ಶೆಡ್ಡಿಗೆ ಕಾಲಿಡುತ್ತಲೇ ಹೊಸ ಬಟ್ಟೆಯ ಗಂಜಿವಾಸನೆ ಮೂಗಿಗೆ ಬಡಿಯಿತು. ಉದ್ದನೆಯ ಮೇಜಿನ ಮುಂದೆ ಆಗಲೇ ಯಾರೋ ಒಬ್ಬ ನಿಂತು ಕತ್ತರಿಸುತ್ತಿದ್ದ. ಯಜಮಾನಿ ಬಿರುಸಿನ ಹೆಂಗಸು, ಆದರೆ ಒರಟಲ್ಲ. ನಿನ್ನೆ ಸಂಜೆಯೇ ಇವನನ್ನು ತೆಗೆದುಕೊಂಡೆ, ನೀವು ಸಿಕ್ಕಿದ್ದರೆ ನೀವೇ ಆಗುತ್ತಿದ್ದಿರಿ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಹೊರಗೆ ಗದ್ದಲವೆದ್ದಿತು. ಅವರ ಮೂರೂ ವ್ಯಾನುಗಳು ಒಂದೇ ಆಸ್ಪತ್ರೆಗೆಂದು ಸರಕು ತುಂಬಿಕೊಂಡು ನಿಂತಿದ್ದವು. ಉಳಿದ ಆಸ್ಪತ್ರೆಗಳಿಗೆ ಒಂದೂ ಇರಲಿಲ್ಲ. ಚಾಲಕರು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಯಜಮಾನಿ ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ಏನೋ ಹೊಳೆದವರಂತೆ ಕತ್ತರಿಯಕ್ಕನ ಕಡೆ ತಿರುಗಿದರು.

"ನಿನ್ನೆ ಫೋನಲ್ಲಿ ಮಾತಾಡಿದ್ದು ಯಾರಮ್ಮ?"

"ನಮ್ಮನೆಯವರು. ಬಸ್ ಡಿಪೋದಲ್ಲಿ ಟೈಮ್‌ಟೇಬಲ್ ಹಾಕ್ತಿದ್ರು."

"ಇಲ್ಲಿ ಯಾರಿಗೂ ಯಾರೂ ತಡಿ ಅನ್ನಲ್ಲ. ಅಂಥ ಹಟಮಾರಿ ಒಬ್ಬ ಬೇಕಿತ್ತು ನನಗೆ. ಅವರನ್ನ ಕಳಿಸ್ತೀರಾ?"

ಮನೆಗೆ ಮರಳುವ ದಾರಿಯುದ್ದಕ್ಕೂ ಅವಳು ಅವನಿಗೆ ಹೇಳಬಾರದೆಂದೇ ನಿಶ್ಚಯಿಸಿದಳು. ಇದ್ಯಾವ ನ್ಯಾಯ? ಕೆಲಸ ಕೆಡಿಸಿದವನಿಗೆ ಕೆಲಸ, ಬೀದಿ ಸವೆಸಿದವಳಿಗೆ ಕಾಲುನೋವು. ಹಾಳೆಯ ಮುಂದೆಯೇ ಬಿದ್ದಿರಲಿ ಎಂದುಕೊಳ್ಳುತ್ತ ಬಾಗಿಲು ತಳ್ಳಿದಳು. ಅವನು ಮೇಜಿನ ಮುಂದೆ ಕೂತಿದ್ದ. ಎದುರಿಗೆ ಅವಳ ಕತ್ತರಿ ಎಣ್ಣೆ ಕುಡಿದು ಮಿನುಗುತ್ತಿತ್ತು. ಒರೆಸಿದ ಬಟ್ಟೆ ಅವನ ಹೆಗಲ ಮೇಲೇ ಇತ್ತು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲೂ ಹೆದರಿ, ಮುಖ ಸಣ್ಣಗೆ ಮಾಡಿಕೊಂಡು ಅವಳನ್ನೇ ನೋಡಿದ. ಅವಳಿಗೆ ಅವನ ಮೇಲೆ ಅಯ್ಯೋ ಅನ್ನಿಸಿತು, ಅಯ್ಯೋ ಅನ್ನಿಸಿತಲ್ಲ ಎಂದು ಇನ್ನಷ್ಟು ಸಿಟ್ಟೂ ಬಂತು.

"ನಾಳೆ ಗುರುವಾರ ಬೆಳಿಗ್ಗೆ ನಿಮಗೆ ಬಿಡುವಿದೆಯಾ?"

ಅವನು ಗೋಡೆ ನೋಡಿದ. "ಇಲ್ವಲ್ಲೇ, ಅದು ನಿನ್ನ ಫೋನಿನ ಹೊತ್ತು."

ಅವಳು ಗೋಡೆಯ ಬಳಿ ಹೋಗಿ ಹಾಳೆಯನ್ನು ಮೇಲಿಂದ ಕೆಳಗೆ, ಒಂದೇ ಎಳೆತಕ್ಕೆ, ನೆಟ್ಟಗೆ ಹರಿದಳು. ಆಮೇಲೆ ವಿಷಯ ಹೇಳಿದಳು.

ಗುರುವಾರ ಅವನು ಇಸ್ತ್ರಿ ಅಂಗಿ ಹಾಕಿಕೊಂಡು, ಬಗಲಲ್ಲಿ ಹೊಸ ಡ್ರಾಯಿಂಗ್ ಹಾಳೆಯ ಸುರುಳಿ ಸಿಕ್ಕಿಸಿಕೊಂಡು, ಮದುವೆಗೆ ಹೊರಟವನಂತೆ ಹೋದ. ಡ್ರಾಯರಿನಿಂದ ಬಿಡುಗಡೆಯಾದ ಫೋನನ್ನು ಅವಳು ಕಣ್ಣೆದುರೇ ಇಟ್ಟುಕೊಂಡಳು. ತಾನೇ ಹುಡುಕಿ ನಾಲ್ಕಾರು ಕಡೆ ಕೇಳಿದಳು. ನೋಡೋಣ, ಹೇಳುತ್ತೇವೆ ಎಂದರು. ವಾರ ಕಳೆಯಿತು. ಮನೆ ತಣ್ಣಗಿತ್ತು. ಸಂಜೆ ಬಂದು ವ್ಯಾನುಗಳ ಕಥೆ ಹೇಳುವ ಗಂಡನ ಮುಖದ ಕಳೆ ನೋಡುವುದು ಅವಳಿಗೆ ಕಷ್ಟವಾಗುತ್ತಿತ್ತು.

ಒಂದು ಬೆಳಿಗ್ಗೆ ಫೋನು ಬಡಿದುಕೊಂಡಿತು. ಒಂದೇ ರಿಂಗಿಗೆ ಎತ್ತಿದಳು. ಗಂಡ.

"ಹೊಸಬ ಪೂರ್ತಿ ಥಾನು ಬಟ್ಟೆಗೆ ಎಡಗೈ ತೋಳೇ ಕತ್ತರಿಸಿ ಹಾಕಿದಾನೆ ಕಣೇ. ಒಂದೂ ಬಲಗೈದಿಲ್ಲ. ಬೈಸ್ಕೊಂಡು ಬಿಟ್ಟುಹೋದ. ಯಜಮಾನಿ ನಿನ್ನನ್ನ ಕೇಳ್ತಿದಾರೆ."

ಅವಳು ಆಗಲೇ ಎದ್ದು ನಿಂತಿದ್ದಳು. "ಯಾವಾಗ ಬರ್ಲಿ?"

"ಬರೋ ಗುರುವಾರ ಹಾಕಿದೀನಿ. ಅದಕ್ಕೆ ಮುಂಚೆ ಅವರಿಗೆ ಬಿಡುವಿಲ್ಲ."

"ಬಿಡುವಿಲ್ಲ ಅಂತ ಅವರು ಹೇಳಿದ್ರಾ?"

"ಅವರಿಗೇನು ಗೊತ್ತು? ಅವರ ಟೈಮ್‌ಟೇಬಲ್ ಹಾಕೋನು ನಾನು. ಈಗ ತಾನೇ ಮುಗಿಸಿದೆ."

ಅವಳು ಫೋನಿಟ್ಟಳು. ಕತ್ತರಿಯನ್ನು ಚಿಂದಿಯಲ್ಲಿ ಸುತ್ತಿ, ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬೀಗ ಹಾಕಿಕೊಂಡು ಹೊರಟಳು.